ಒಕ್ಕಣೆ ರಸ್ತೆಯಲ್ಲಿ ಒಂದು ನಮಸ್ಕಾರ

ಪಾಂಡವಪುರದ ಮೆಕ್ಯಾನಿಕ್ ನಯಾಜ್ ನನ್ನ ಬೈಕಿನ ಚೈನ್ ಕವರು ಬಿಚ್ಚಿ ನೆಲದ ಮೇಲೆ ಒಮ್ಮೆ ಜೋರಾಗಿ ಕೊಡವಿದ. ಕರಿ ಗ್ರೀಸು, ಮಣ್ಣು, ಒಣಕಡ್ಡಿ ಎಲ್ಲ ಬಿದ್ದ ಮೇಲೆ ಕೊನೆಯಲ್ಲಿ ಒಂದು ಹಿಡಿಯಷ್ಟು ಹುರುಳಿಕಾಳು ಉದುರಿತು. ಅದರಲ್ಲಿ ಒಂದೆರಡು ಯಾವಾಗಲೋ ಮಳೆನೀರು ಕುಡಿದು ಮೊಳಕೆ ಬಿಟ್ಟು, ಮುಂದೇನು ಮಾಡಬೇಕೆಂದು ತಿಳಿಯದೆ ಹಾಗೇ ಒಣಗಿಹೋಗಿದ್ದವು.

“ಏನ್ ಸಾ ಇದು, ಗಾಡಿಗೆ ಪೆಟ್ರೋಲ್ ಆಕ್ತಿದ್ರೋ ಉಳ್ಳಿಕಾಳ್ ತಿನ್ನುಸ್ತಿದ್ರೋ?” ಎಂದ ನಯಾಜ್.

ಅಂಗಡಿಯ ಮುಂದೆ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಲೇ ಬಗ್ಗಿ, ನನ್ನ ಚಪ್ಪಲಿಗೆ ತಾಕಿದ್ದ ಕಾಳುಗಳನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಗ್ರೀಸು ಎರಡೂ ರೆಪ್ಪೆಗೆ ಹತ್ತಿಕೊಂಡಿತು. ನಯಾಜ್ ಒಂದು ಹಳೇ ಬನಿಯನ್ ತುಂಡು ಕೊಟ್ಟ. ಅವನಿಗೆ ನಾನು ಹಳೇ ಗಿರಾಕಿ.

ಈ ಒತ್ತಿಕೊಳ್ಳುವ ಚಟ ನನಗೆ ಅಂಟಿದ್ದು ಅಜ್ಜಿಯಿಂದ. ನಮ್ಮದು ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯ ಮನೆ. ತಾತ ದೇವಸ್ಥಾನದ ಅಡಿಗೆಮನೆಯಲ್ಲಿದ್ದವರು. ಅವರ ಅಂಗವಸ್ತ್ರಕ್ಕೆ ಬೇಸಗೆಯಲ್ಲೂ ಪುಳಿಯೋಗರೆಯ ವಾಸನೆ. ಅಜ್ಜಿ ಜಗುಲಿಯ ಮೇಲೆ ಕಾಲು ನೀಡಿಕೊಂಡು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾವು ಮಕ್ಕಳು ಬೀದಿಯಲ್ಲಿ ಆಡುತ್ತ ಆಡುತ್ತ ಓಡಿಬಂದು ಕೆಳಗೆ ಬಿದ್ದ ಒಂದು ಕಾಳನ್ನು ತುಳಿದರೂ ಸಾಕು, ತಲೆ ಎತ್ತದೆ “ಒತ್ಕೋ” ಎನ್ನುವಳು. ಯಾರು ತುಳಿದದ್ದು, ಯಾವ ಕಾಲಲ್ಲಿ ಎಂದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ. ಕಾಳು ಆಯಿತು, ಪುಸ್ತಕ ಆಯಿತು, ಆಮೇಲೆ ಸುದ್ದಿಪತ್ರಿಕೆ, ರಂಗೋಲಿ, ಹಸುವಿನ ಹಗ್ಗ, ಪಕ್ಕದ ಮನೆಯವರ ಹಾರ್ಮೋನಿಯಂ ಪೆಟ್ಟಿಗೆ, ಎಲ್ಲವೂ ಒಂದೊಂದಾಗಿ ಸೇರಿಕೊಂಡವು. ನನಗೆ ಮೀಸೆ ಬರುವ ಹೊತ್ತಿಗೆ ತುಳಿದರೆ ಒತ್ತಿಕೊಳ್ಳಬೇಕಾಗಿಲ್ಲದ ವಸ್ತು ಎಂದರೆ ನೆಲವೊಂದೇ ಉಳಿದಿತ್ತು.

ದೊಡ್ಡವನಾಗಿ ವಿಜ್ಞಾನದ ಮೇಷ್ಟ್ರಾದೆ. ಕೈಗೆ ಮಾತ್ರ ವಿಜ್ಞಾನ ಹತ್ತಲಿಲ್ಲ. ಒಮ್ಮೆ ಅರಕೆರೆ ಬಸ್ಸಿನಲ್ಲಿ ನನ್ನ ಕಾಲು ಪಕ್ಕದವರ ಚೀಲಕ್ಕೆ ತಗುಲಿತು. ಎಂದಿನಂತೆ ಬಗ್ಗಿ ಮುಟ್ಟಲು ಹೋದೆ. ಆತ ಚೀಲವನ್ನು ಎದೆಗೆ ಅವುಚಿಕೊಂಡು, “ಏನ್ ಸಾ, ನೋಡುದ್ರೆ ಮರ್ವಾದಸ್ತರಂಗೆ ಕಾಣ್ತೀರಿ!” ಎಂದು ಇಡೀ ಬಸ್ಸಿಗೆ ಕೇಳುವಂತೆ ಅಂದುಬಿಟ್ಟ. ಅಲ್ಲಿಂದ ಶ್ರೀರಂಗಪಟ್ಟಣದವರೆಗೆ ನಾನು ಕಿಟಕಿಯ ಹೊರಗೆ ಕಬ್ಬಿನ ಗದ್ದೆಯನ್ನೇ ನೋಡುತ್ತ ಬಂದೆ.

ಬೈಕಿಗೆ ಬಂದ ಮೇಲೆ ಈ ಚಟ ಇನ್ನಷ್ಟು ಬೆಳೆಯಿತು. ನಮ್ಮ ಕಡೆ ರಸ್ತೆಯಲ್ಲಿ ಗುಡಿಗಳಿಗೆ ಬರವಿಲ್ಲ. ಅರಳಿಕಟ್ಟೆ, ಆಂಜನೇಯ, ಮಾರಮ್ಮ, ಗಣಪತಿ, ಹೀಗೆ ಒಬ್ಬರಾದ ಮೇಲೆ ಒಬ್ಬರು ಬರುತ್ತಲೇ ಇರುತ್ತಾರೆ. ಬೈಕು ನಿಲ್ಲಿಸಿ ಕೈಮುಗಿಯುತ್ತ ಹೋದರೆ ಶಾಲೆಯ ಎರಡನೇ ಪೀರಿಯಡ್ಡಿಗೆ ತಲುಪುತ್ತೇವೆ. ಅದಕ್ಕೇ ದ್ವಿಚಕ್ರದವರಿಗೆಂದು ಒಂದು ಚುಟುಕು ನಮಸ್ಕಾರ ರೂಢಿಯಾಗಿದೆ: ಎಡಗೈಯನ್ನು ಹ್ಯಾಂಡಲ್‌ನಿಂದ ತೆಗೆದು ಎದೆ ಮುಟ್ಟಿ ತುಟಿ ಮುಟ್ಟಿ ಮತ್ತೆ ಹ್ಯಾಂಡಲ್‌ಗೆ. ಬೆಳಿಗ್ಗೆ ಹೊತ್ತು ಯಾವುದಾದರೂ ಆಂಜನೇಯನ ಗುಡಿಯ ಮುಂದೆ ನಿಂತು ನೋಡಿ, ಬರುವ ಬೈಕುಗಳೆಲ್ಲ ಅಲ್ಲಿಗೆ ಬಂದಾಗ ಒಂದು ಸಲ ಲಘುವಾಗಿ ಓಲಾಡಿ ಮುಂದಕ್ಕೆ ಹೋಗುತ್ತವೆ. ದೇವರೂ ಅದಕ್ಕೆ ಹೊಂದಿಕೊಂಡಿರಬೇಕು, ಇಷ್ಟು ವರ್ಷ ಯಾರಿಗೂ ಏನೂ ಆಗಿರಲಿಲ್ಲ.

ವಾರದ ದಿನಗಳಲ್ಲಿ ಶಾಲೆಗೆ ಹೋಗಿಬರುವುದು ಬಿಟ್ಟರೆ ನನ್ನದೊಂದು ಭಾನುವಾರದ ಹುಚ್ಚಿತ್ತು. ಬೆಳಕು ಹರಿಯುತ್ತಿದ್ದಂತೆ ಹೊರಟು ಪಾಂಡವಪುರ, ಜಕ್ಕನಹಳ್ಳಿ, ನಾಗಮಂಗಲ ದಾಟಿ ಬೆಳ್ಳೂರು ಕ್ರಾಸಿಗೆ ಹೋಗುವುದು. ಅಲ್ಲಿ ಬಿಸಿ ಇಡ್ಲಿ ತಿಂದು ಕಾಫಿ ಕುಡಿದು, ಬರುವಾಗ ಕೆ.ಆರ್. ಪೇಟೆ ರಸ್ತೆ ಹಿಡಿದು ಸುತ್ತಿಕೊಂಡು ಮನೆ ಸೇರುವುದು. “ಇಡ್ಲಿ ಶ್ರೀರಂಗಪಟ್ಟಣದಲ್ಲಿ ಸಿಕ್ಕಲ್ವಾ?” ಎಂದು ಎಲ್ಲರೂ ಕೇಳುತ್ತಾರೆ. ಸಿಕ್ಕುತ್ತದೆ. ಆದರೆ ಅದಕ್ಕೆ ಬೈಕು ಬೇಕಾಗುವುದಿಲ್ಲ.

ನಮ್ಮ ಬೀದಿಯವರಿಗೆ ಒಬ್ಬ ಮನುಷ್ಯ ಸುಮ್ಮನೆ ಹೊರಡುತ್ತಾನೆ ಎಂಬುದು ಅರ್ಥವಾಗುವ ಮಾತಲ್ಲ. “ಹೇಗೂ ಆ ಕಡೆ ಹೋಗ್ತಿದ್ದೀರಲ್ಲ” ಎಂದು ಏನಾದರೊಂದು ಕೈಗಿಡುತ್ತಾರೆ. ಪ್ರಸಾದದ ಡಬ್ಬಿ, ಬಾಣಂತಿಗೆ ಲೇಹ್ಯ, ರಿಪೇರಿಯಾದ ಮಿಕ್ಸಿ, ಎಲ್ಲ ಹೊತ್ತಿದ್ದೇನೆ. ಒಂದು ಸಲ ಗೌರಿಹಬ್ಬಕ್ಕೆ ಮುಂಚೆ ಕೆ.ಆರ್. ಪೇಟೆ ಸಂತೆಯಲ್ಲಿ ಮೊರ ಚೆನ್ನಾಗಿರುತ್ತವೆಂದು ಬೀದಿಯ ಹೆಂಗಸರೆಲ್ಲ ಬಾಗಿನದ ಮೊರ ತರಲು ಹೇಳಿದರು. ಬೆನ್ನ ಹಿಂದೆ ಮೊರಗಳ ಗೋಪುರವನ್ನೇ ಕಟ್ಟಿಕೊಂಡು ಹೊರಟೆ. ನಾಲೆಯ ಏರಿಗೆ ಬಂದಾಗ ಪಕ್ಕದಿಂದ ಗಾಳಿ ಬೀಸಿತು ನೋಡಿ, ಹ್ಯಾಂಡಲ್ ನಾನು ಒಂದು ಕಡೆ ತಿರುಗಿಸಿದರೆ ಬೈಕು ನಾಲೆಯ ಕಡೆಗೇ ಹೊರಟಿತು. ಎರಡೂ ಕಾಲು ನೆಲಕ್ಕೂರಿ ಹೇಗೋ ನಿಲ್ಲಿಸಿದೆ. ಒಂದು ಜೊತೆ ಮೊರ ಮಾತ್ರ ಹಗ್ಗ ಕಿತ್ತುಕೊಂಡು ನೀರಿಗಿಳಿದು ತೇಲುತ್ತ ಹೋದವು. ಗಂಗೆಗೇ ಮೊದಲ ಬಾಗಿನ ಕೊಟ್ಟು ಬಂದೆ ಎಂದು ಮನೆಯಲ್ಲಿ ಹೇಳಿದೆ.

ಈಗ ಆ ಹುರುಳಿಯ ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿಯ ಆಸುಪಾಸಿನಲ್ಲಿ ನೀವು ನಾಗಮಂಗಲ, ಕೆ.ಆರ್. ಪೇಟೆ ಕಡೆ ಓಡಾಡಿದ್ದರೆ ನೋಡಿರುತ್ತೀರಿ. ಒಳ್ಳೆಯ ಡಾಂಬರು ರಸ್ತೆ ಇದ್ದಕ್ಕಿದ್ದಂತೆ ಕಾಣೆಯಾಗಿ, ಅದರ ಮೇಲೆ ಮೊಣಕಾಲುದ್ದ ಹುರುಳಿಗಿಡ ಹರಡಿಕೊಂಡಿರುತ್ತದೆ. ಕಣ ಮಾಡಿ, ಎತ್ತು ಕಟ್ಟಿ ರೋಣಗಲ್ಲು ಹೊಡೆಸುವ ಕಾಲ ಹೋಯಿತು. ಈಗ ಬಸ್ಸು, ಲಾರಿ, ಬೈಕು ಅದರ ಮೇಲೆ ಓಡಾಡಿ ಓಡಾಡಿ ಕಾಳು ಉದುರಿಸಬೇಕು. ಹೀಗೆ ಮಾಡಬಾರದೆಂದು ಪ್ರತಿವರ್ಷ ಹೇಳುತ್ತಾರೆ, ಪ್ರತಿವರ್ಷ ಹರಡುತ್ತಾರೆ. ಬೈಕಿನವರಿಗೆ ಅದು ಒಂದು ವಿದ್ಯೆ: ನಡುಮಧ್ಯೆ ನೇರ ಹೋಗಬೇಕು, ಬ್ರೇಕು ಮುಟ್ಟಬಾರದು, ಹ್ಯಾಂಡಲ್ ತಿರುಗಿಸಬಾರದು. ಉದುರಿದ ಕಾಳು ಅಂಚಿಗೆ ಬಂದು ಸೇರುವುದರಿಂದ ಅಂಚಿನಲ್ಲೇ ಜಾರುವುದು ಹೆಚ್ಚು.

ನಾನು ಹೋಗುತ್ತಿದ್ದದ್ದು ಅಂಚಿನಲ್ಲೇ. ಕಾರಣ ನೀವು ಊಹಿಸಿರಬಹುದು. ಕಾಳಿನ ಮೇಲೆ ಚಕ್ರ ಹತ್ತಿಸಲು ನನ್ನಿಂದ ಆಗುತ್ತಿರಲಿಲ್ಲ. ಮಣ್ಣಿಗಿಳಿದು, ಬೇಲಿಯ ಮುಳ್ಳಿಗೆ ಪ್ಯಾಂಟು ಕೊಟ್ಟು, ಹುರುಳಿಯನ್ನು ಆದಷ್ಟು ತಪ್ಪಿಸಿಕೊಂಡು ಸಾಗುತ್ತಿದ್ದೆ. ನಾನು ಮರ್ಯಾದೆ ತೋರಿಸುತ್ತಿದ್ದೇನೆ ಎಂಬುದು ನನ್ನ ತಿಳಿವಳಿಕೆ. ಬೆಳೆದವರಿಗೆ ಅದು ಶುದ್ಧ ಸೋಮಾರಿತನವಾಗಿ ಕಾಣುತ್ತಿತ್ತು. “ಮದ್ಯುಕ್ಕೆ ಬನ್ನಿ ಸಾಮಿ! ಎಲ್ರೂ ಇಂಗೆ ಪಕ್ಕುಕ್ಕೆ ಓದ್ರೆ ಒಕ್ಕೋರ್ಯಾರು?” ಎಂದು ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ನನ್ನಂಥವರು ಸಾಕಷ್ಟು ಜನ ಇರಬೇಕು. ಅಂಚಿನಲ್ಲಿ ಯಾರೂ ಹೋಗದಿರಲೆಂದು ಈಚೆಗೆ ದಪ್ಪ ದಪ್ಪ ಕಲ್ಲುಗಳನ್ನು ಸಾಲಾಗಿ ಇಡತೊಡಗಿದರು.

ಕಳೆದ ವರ್ಷ ಅಂಥದೊಂದು ಭಾನುವಾರ ಇಡ್ಲಿ ತಿಂದು ಬರುತ್ತಿದ್ದೆ. ನಾಗಮಂಗಲ ದಾಟಿ ಕೆ.ಆರ್. ಪೇಟೆ ರಸ್ತೆಯಲ್ಲಿ ಒಂದು ಊರಿನ ಹತ್ತಿರ ಹುರುಳಿ ಹರಡಿತ್ತು. ಎಡಕ್ಕೆ ಕಲ್ಲಿನ ಸಾಲು, ಬಲಕ್ಕೆ ಎದುರಿನಿಂದ ಹುಲ್ಲು ತುಂಬಿದ ಟ್ರಾಕ್ಟರು. ಬೇರೆ ದಾರಿಯಿಲ್ಲದೆ ಮೊದಲ ಬಾರಿಗೆ ನಡುಮಧ್ಯೆ ಹತ್ತಿಸಿದೆ. ಟೈರಿನ ಕೆಳಗೆ ಕಾಯಿಗಳು ಚಟಚಟ ಒಡೆಯುವ ಸದ್ದು ಕೇಳಿತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನನ್ನನ್ನು ಒಂದು ಮಾತೂ ಕೇಳದೆ ನನ್ನ ಎಡಗೈ ಹ್ಯಾಂಡಲ್ ಬಿಟ್ಟು ಮೇಲೆದ್ದು ಕಣ್ಣಿಗೆ ಹೊರಟಿತು. ಹೆಲ್ಮೆಟಿನ ಗಾಜಿಗೆ ಬೆರಳು ಟಪ್ಪೆಂದು ಬಡಿಯಿತು. ಅಷ್ಟರಲ್ಲಿ ಮುಂದಿನ ಚಕ್ರ ಅಡ್ಡಡ್ಡ ಹೋಗಿ, ನಾನು ಹುರುಳಿಯ ಮೇಲೆ ಮೆತ್ತಗೆ ಬಿದ್ದು, ಜಾರಿಕೊಂಡು ಹೋಗಿ ಎಡಭುಜವನ್ನು ಒಂದು ಕಲ್ಲಿಗೆ ಕೊಟ್ಟೆ.

ಟ್ರಾಕ್ಟರಿನವನು ಇಳಿದು ಬಂದ. ಹುರುಳಿಯ ಒಡತಿ, ತಾಯಮ್ಮ ಎಂದು ಆಮೇಲೆ ತಿಳಿಯಿತು, ಕೈಯಲ್ಲಿದ್ದ ಕವೆಗೋಲು ಬಿಸಾಕಿ ಓಡಿಬಂದಳು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಗಾಳಿ ಹಾಕುತ್ತ, “ಅಯ್ಯೋ ಸಾಮಿ, ಚೆಂದಾಗೇ ಬತ್ತಿದ್ರಲ್ಲ, ಕೈ ಯಾಕ್ ಬುಟ್ರಿ?” ಎಂದಳು. ನೋವಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ನೋವು ಹೋದ ಮೇಲೂ ಆ ಪ್ರಶ್ನೆಗೆ ಯಾರ ಮುಂದೆಯೂ ಹೇಳಬಹುದಾದ ಉತ್ತರ ಹೊಳೆಯಲಿಲ್ಲ. ಐವತ್ತು ದಾಟಿದ ವಿಜ್ಞಾನದ ಮೇಷ್ಟ್ರು ಹುರುಳಿಗೆ ನಮಸ್ಕಾರ ಮಾಡಲು ಹೋಗಿ ಬಿದ್ದರು ಎಂದು ಹೇಳಿಕೊಳ್ಳುವುದು ಹೇಗೆ? “ಸ್ಕಿಡ್ ಆಯ್ತು” ಎಂದೆ. ಸುಳ್ಳೇನಲ್ಲ.

ಭುಜದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕೈಗೆ ಬಟ್ಟೆಯ ಜೋಳಿಗೆ ಹಾಕಿ ಮನೆಗೆ ಕಳಿಸಿದರು. ನನ್ನ ಹೆಂಡತಿ ಪದ್ಮ ಅರಕೆರೆಯ ಪ್ರಾಥಮಿಕ ಶಾಲೆಯಲ್ಲಿ ಟೀಚರು, ದಿನಾ ಸ್ಕೂಟರಿನಲ್ಲಿ ಓಡಾಡುವವಳು. “ಹೆಲ್ಮೆಟ್ ಹಾಕಿದ್ರಲ್ಲ, ಸದ್ಯ” ಎಂದಳು, ಅಷ್ಟೇ. ಇನ್ನು ಗಾಡಿ ಮುಟ್ಟಬೇಡಿ ಎಂದು ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಜೋಳಿಗೆ ತೆಗೆದ ದಿನ ಬೈಕಿನ ದೂಳು ಒರೆಸಿ, ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ತಗುಲಿಸಿದ್ದಳು.

ಮಾರನೆಯ ದಿನ ಬೈಕು ಹೊರಗೆ ತೆಗೆದೆ. ಬೀದಿಯ ತಿರುವಿನಲ್ಲಿ ದಿನಸಿ ಅಂಗಡಿಯ ಮುಂದೆ ಯಾರದೋ ಚೀಲ ಹರಿದು ಒಂದಿಷ್ಟು ಕಡಲೆ ಚೆಲ್ಲಿತ್ತು. ಅದನ್ನು ಕಂಡದ್ದೇ ಗಾಡಿ ನಿಲ್ಲಿಸಿಬಿಟ್ಟೆ. ಇಳಿದು ಬೈಕನ್ನು ತಳ್ಳಿಕೊಂಡು ಮನೆಗೆ ಬಂದೆ. ಯಾರೋ ಕೇಳಿದರು, ಪೆಟ್ರೋಲ್ ಮುಗಿದಿದೆ ಎಂದೆ. ಆಮೇಲೆ ಅದಕ್ಕೆ ಹಳೆಯ ದುಪ್ಪಟಿ ಹೊದಿಸಿ ಕೀಲಿಯನ್ನು ಬೀರುವಿನೊಳಗೆ ಇಟ್ಟೆ. ಶಾಲೆಗೆ ಬಸ್ಸಿನಲ್ಲಿ ಹೋಗತೊಡಗಿದೆ. ಬಸ್ಸಿನಲ್ಲಿ ಪತ್ರಿಕೆ ಓದಬಹುದು, ನಿದ್ದೆ ಮಾಡಬಹುದು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಭಾನುವಾರದ ಬೆಳಿಗ್ಗೆ ಮಾತ್ರ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ನಿಜ ಹೇಳುತ್ತೇನೆ, ಬೇರೆಯವರ ಬೈಕಿನ ಸದ್ದು ಕೇಳಿದರೂ ಎದ್ದು ಕಿಟಕಿ ಮುಚ್ಚುತ್ತಿದ್ದೆ.

ಗಾಡಿ ಯಾಕೆ ತೆಗೆಯುತ್ತಿಲ್ಲ ಎಂದು ಕೇಳಿದವರಿಗೆ ಒಂದು ಒಳ್ಳೆಯ ಉತ್ತರ ಸಿಕ್ಕಿತು: “ಮನೇಲಿ ಬಿಡಲ್ಲ.” ಈ ಉತ್ತರದ ಗುಣವೆಂದರೆ ಗಂಡಸರು ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ತಲೆಯಾಡಿಸಿ, ನಿಟ್ಟುಸಿರು ಬಿಟ್ಟು, ಟೀ ಕೊಡಿಸುತ್ತಾರೆ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಚಿಕ್ಕೇಗೌಡರಂತೂ ನನಗಾಗಿ ಮನಸಾರೆ ಮರುಗಿದರು. ಮರುಗಿ ಸುಮ್ಮನಿರಲಿಲ್ಲ, ಬೈಕಿಗೆ ಗಿರಾಕಿಯನ್ನೂ ಹುಡುಕಿದರು. ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಓಡಿಸದ ಗಾಡಿ ಯಾಕೆ ಎಂದರೆ ಏನು ಹೇಳಲಿ? ಹೂಂ ಎಂದುಬಿಟ್ಟೆ.

ಈ ತಿಂಗಳ ಮೊದಲಲ್ಲಿ ಕೆ.ಆರ್. ಪೇಟೆಯಲ್ಲಿ ಒಬ್ಬ ಸಹೋದ್ಯೋಗಿಯ ಮನೆ ಗೃಹಪ್ರವೇಶ. ನಾನು, ಪದ್ಮ ಊಟಕ್ಕೆ ಕೂತಿದ್ದೆವು. ಎದುರು ಪಂಕ್ತಿಯಿಂದ ಚಿಕ್ಕೇಗೌಡರು ಕೂಗಿ ಹೇಳಿದರು: “ಮೇಡಂ, ಪಾರ್ಟಿ ರೆಡಿ ಕಣ್ರೀ, ಕಿಕ್ಕೇರಿಯೋರು. ಬರೋ ಸೋಮವಾರ ಬಂದು ಗಾಡಿ ತಗಂಡೋಯ್ತರೆ. ನೀವೂ ಒಸಿ ಮನ್ಸ್ ಮಾಡ್ಬೋದಾಗಿತ್ತು ಬುಡಿ. ಪಾಪ, ಮೇಷ್ಟ್ರು ಹೆಂಡ್ತಿ ಮಾತ್ ಮೀರೋರಲ್ಲ.”

ಪದ್ಮ ನನ್ನ ಮುಖ ನೋಡಿದಳು. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವುದರಲ್ಲಿ ಮುಳುಗಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಪಾಂಡವಪುರದವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತ ಬಂದಳು. ಅಲ್ಲಿ ಬಸ್ಸು ನಿಂತಾಗ ಕೇಳಿದಳು.

“ನಾನು ಯಾವಾಗ ಬಿಡಲ್ಲ ಅಂದೆ?”

ನಾನು ಕೈಯಲ್ಲಿದ್ದ ಟಿಕೆಟನ್ನು ಸಣ್ಣದಾಗಿ ಮಡಿಸಿದೆ.

“ಮಾರೋದಾದ್ರೆ ಮಾರಿ, ನಿಮ್ಮ ಗಾಡಿ. ನನ್ನ ಹೆಸರು ಹೇಳಿ ಮಾರಬೇಡಿ.”

ಮಾರನೆಯ ಬೆಳಿಗ್ಗೆ ನಯಾಜ್‌ಗೆ ಫೋನು ಮಾಡಿದವಳು ಅವಳೇ. ಅವನು ಬಂದು ಬೈಕನ್ನು ಒಯ್ದು, ಶನಿವಾರ ಸಂಜೆ ನಾನು ಹೋದಾಗ ಆ ಹುರುಳಿ ಉದುರಿಸಿದ. ಅಂದು ರಾತ್ರಿಯೇ ಪೂರ್ತಿ ರಿಪೇರಿ ಮುಗಿಸಿ ಮನೆಯ ಬಾಗಿಲಿಗೆ ತಂದು ನಿಲ್ಲಿಸಿಯೂ ಹೋದ. ಭಾನುವಾರ ನಾನು ಎದ್ದು ಬರುವಷ್ಟರಲ್ಲಿ ಪದ್ಮ ಚೂಡಿದಾರ ತೊಟ್ಟು, ತನ್ನ ಹೆಲ್ಮೆಟ್ ಹಿಡಿದು ಜಗುಲಿಯ ಮೇಲೆ ಕೂತಿದ್ದಳು. ಇಷ್ಟು ವರ್ಷದಲ್ಲಿ ನನ್ನ ಭಾನುವಾರದ ಸವಾರಿಗೆ ಅವಳು ಒಮ್ಮೆಯೂ ಬಂದವಳಲ್ಲ.

“ಎಲ್ಲಿಗೆ?” ಎಂದೆ.

“ಇಡ್ಲಿ ತಿನ್ನೋಕೆ. ನಾಳೆ ಸೋಮವಾರ, ಅವರು ಬರ್ತಾರೆ. ಹೋಗೋದಾದ್ರೆ ಇವತ್ತೇ.”

ಬೇರೆ ದಾರಿ ಇರಲಿಲ್ಲ. ಮೊದಲ ಹತ್ತು ನಿಮಿಷ ನಾನು ಹೋದ ವೇಗಕ್ಕೆ ಸೈಕಲ್ಲಿನವರು ಹಿಂದೆ ಹಾಕಿದರು. ಪಾಂಡವಪುರ ದಾಟುವ ಹೊತ್ತಿಗೆ ಬೆನ್ನು ಸಡಿಲವಾಯಿತು. ಜಕ್ಕನಹಳ್ಳಿ ಕಡೆಯ ತಿರುವುಗಳಲ್ಲಿ ತಣ್ಣನೆ ಗಾಳಿ ಎದೆಗೆ ಬಡಿದಾಗ ಎಷ್ಟು ಖುಷಿಯಾಯಿತೆಂದರೆ ಹಾಡು ಗುನುಗಿದೆ. ಬೆಳ್ಳೂರು ಕ್ರಾಸಿನಲ್ಲಿ ಇಡ್ಲಿ ತಿಂದು ಪದ್ಮ, “ಪರವಾಗಿಲ್ಲ. ಇದಕ್ಕೋಸ್ಕರ ಇಷ್ಟು ದೂರ ಬರೋ ಹಾಗೇನಿಲ್ಲ” ಎಂದಳು. ವಾಪಸು ಬಂದ ದಾರಿಯಲ್ಲೇ ಹೋಗೋಣವೇ ಎಂದೆ. “ನೀವು ಯಾವಾಗಲೂ ಹೋಗೋ ದಾರೀಲೇ ಹೋಗಿ” ಎಂದಳು.

ಹುರುಳಿ ಅದೇ ಊರಿನ ಹತ್ತಿರ, ಅದೇ ಜಾಗದಲ್ಲಿ ಹರಡಿತ್ತು. ಅಂಚಿಗೆ ಕಲ್ಲುಗಳಿದ್ದವು. ನನ್ನ ಕಾಲು ತಾನಾಗಿ ನೆಲಕ್ಕೂರಿತು, ಬೈಕು ನಿಂತಿತು. ಗಿಡ ತಿರುವಿಹಾಕುತ್ತಿದ್ದ ತಾಯಮ್ಮ ಕಣ್ಣಿಗೆ ಕೈ ಮರೆಮಾಡಿ ನೋಡಿದಳು. ಹೆಲ್ಮೆಟ್ ತೆಗೆದೆ. ಗುರುತು ಹಿಡಿದುಬಿಟ್ಟಳು.

“ಅಯ್ಯೋ, ವೋದ್ವರ್ಸ ಬಿದ್ದೋರಲ್ವಾ! ಭುಜ ನೆಟ್ಟಗಾಯ್ತಾ ಸಾಮಿ?” ಎಂದು ಹತ್ತಿರ ಬಂದು ಪದ್ಮಳ ಕಡೆ ತಿರುಗಿದಳು. “ನೋಡವ್ವ, ಸರ್ಯಾಗೇ ಬತ್ತಿದ್ರು. ನಡೂಮದ್ಯ ಕೈ ಬುಟ್ಟು, ಇಂಗೆ ಕಣ್ಗೊತ್ಕಳಕ್ಕೋದ್ರು. ಯಾಕ್ ಅಂಗ್ಮಾಡುದ್ರೋ ಕಾಣೆ, ನಂಗಿನ್ನೂ ಬಗೆಹರಿದಿಲ್ಲ.”

ತಾಯಮ್ಮ ಬೆರಳನ್ನು ಎರಡೂ ರೆಪ್ಪೆಗೆ ಮುಟ್ಟಿಸಿ ತೋರಿಸಿದಳು. ನಾನು ಮುಂದಿನ ಟೈರನ್ನು ನೋಡುತ್ತ ನಿಂತೆ. ಪದ್ಮ ಈಗ ನಗುತ್ತಾಳೆ, ನಾಳೆ ಅರಕೆರೆ ಶಾಲೆಯಲ್ಲಿ ಎಲ್ಲರೂ ನಗುತ್ತಾರೆ ಎಂದುಕೊಂಡೆ. ಆದರೆ ಅವಳೂ ನಮ್ಮಂಥ ಮನೆಯಲ್ಲೇ ಬೆಳೆದವಳು, ಅವಳಿಗೂ ಒಬ್ಬಳು ಅಜ್ಜಿ ಇದ್ದಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

“ಕಾಳು ತುಳಿದಿದ್ದಕ್ಕಾ?” ಎಂದಳು ಮೆಲ್ಲಗೆ.

“ಹೂಂ.”

ಹಿಂದಿನಿಂದ ಬಸ್ಸೊಂದು ಬಂದು, ಹಾರ್ನ್ ಹೊಡೆದು, ಹುರುಳಿಯ ಮೇಲೆ ನಿರಾತಂಕವಾಗಿ ಹರಿದುಹೋಯಿತು.

“ಪದ್ಮಾ, ನನಗೆ ಭಯ ಆಗುತ್ತೆ” ಎಂದೆ. ಒಂದು ವರ್ಷದಲ್ಲಿ ಆ ಮಾತನ್ನು ಹೇಳಿದ್ದು ಅದೇ ಮೊದಲು. “ಬೀಳ್ತೀನಿ ಅಂತಲ್ಲ. ಈ ಕೈ ನನ್ನ ಮಾತು ಕೇಳಲ್ಲ.”

“ಗೊತ್ತಾಯ್ತು. ಹೆಲ್ಮೆಟ್ ಹಾಕ್ಕೊಳ್ಳಿ” ಎಂದಳು. “ನೀವು ಎರಡೂ ಕೈ ಹ್ಯಾಂಡಲ್ ಮೇಲೇ ಇಟ್ಟಿರಿ. ಒತ್ಕೊಳ್ಳೋದು ನಾನು ಒತ್ಕೋತೀನಿ, ಇಬ್ಬರದ್ದೂ ಸೇರಿಸಿ.”

ತಾಯಮ್ಮ ಪಕ್ಕಕ್ಕೆ ಸರಿದು ನಿಂತಳು. ಗೇರು ಹಾಕಿ ನಡುಮಧ್ಯೆ ಹತ್ತಿಸಿದೆ. ಕಾಯಿಗಳು ಚಟಚಟ ಒಡೆದವು. ಎಡಗೈ ಒಮ್ಮೆ ತುಡಿಯಿತು, ಬಿಗಿಯಾಗಿ ಹಿಡಿದೆ. ಹಿಂದೆ, ನನ್ನ ಭುಜದ ಮೇಲಿದ್ದ ಅವಳ ಕೈ ಒಂದು ಗಳಿಗೆ ಎದ್ದು, ಮತ್ತೆ ಬಂದು ಅಲ್ಲೇ ಕೂತಿತು.